ಚಾವಡಿಯ ಗಿಣಿ

ಬೈಂದೂರಿನ ಕಡೆಯ ನನ್ನ ಅಜ್ಜಿಯ ಮನೆಯಲ್ಲಿ, ಚಾವಡಿಯ ಬಲಗಡೆಯ ತೊಲೆಯಿಂದ ಇಳಿಬಿಟ್ಟಿದ್ದ ಗುಂಡನೆಯ ತಂತಿಪಂಜರದೊಳಗೆ ಒಂದು ಗಿಣಿಯಿತ್ತು. ಕೊರಳಲ್ಲಿ ಗುಲಾಬಿ ಬಣ್ಣದ ಬಳೆಯನ್ನು ಧರಿಸಿದ್ದ ಆ ಗಂಡುಗಿಣಿಯು, ಅಂಗಳಕ್ಕೆ ಕಾಲಿಟ್ಟವರು ಯಾರೇ ಆಗಲಿ, "ಹ್ವಾಯ್, ಬನಿ, ಕೂಕಣಿ" ಎಂದು ಅಜ್ಜಿಯ ಕಂಠದಲ್ಲಿಯೇ ಕರೆಯುತ್ತಿತ್ತಾದ್ದರಿಂದ, ಊರವರ ಬಾಯಲ್ಲಿ ಆ ಮನೆಗೆ ಗಿಣಿಮನೆಯೆಂಬ ಹೆಸರೇ ನಿಂತುಬಿಟ್ಟಿತ್ತು. ಒಂದು ವರ್ಷ ಆಸಾಡಿಯ ಮಳೆ ಹಿಡಿದುಕೊಂಡ ದಿನಗಳಲ್ಲಿ ಅದು ತನ್ನ ಎದೆಯ ಗರಿಗಳನ್ನು ಒಂದೊಂದಾಗಿ ಕಿತ್ತು ಪಂಜರದ ತಳಕ್ಕೆ ಉದುರಿಸಲಾರಂಭಿಸಿತು. ಚೌತಿ ಕಳೆದು ನವರಾತ್ರಿ ಬರುವ ಹೊತ್ತಿಗೆ ಎದೆ, ತೊಡೆ, ರೆಕ್ಕೆಯ ಒಳಮೈ ಎಲ್ಲವೂ ಬೋಳಾಗಿ ಬೂದಿಬಣ್ಣದ ಚರ್ಮ ಕಾಣತೊಡಗಿತ್ತು. ತಲೆಯೊಂದು ಮಾತ್ರ ಮೊದಲಿನಂತೆಯೇ ಹಸುರಾಗಿ, ನುಣುಪಾಗಿ, ಒಂದು ಗರಿಯೂ ಊನವಾಗದೆ ಉಳಿದಿತ್ತು. ದೃಷ್ಟಿಯಾಗಿದೆಯೆಂದು ಹಿರಿಯರು ಉಪ್ಪು ಮೆಣಸು ನಿವಾಳಿಸಿದರು. ಯಾರೋ ಹೇಳಿದರೆಂದು ಬೇವಿನ ಎಣ್ಣೆ ಸವರಿದರು. ಮಕರಸಂಕ್ರಾಂತಿಗೆ ಮೊದಲೇ ಗಿಣಿ ತೀರಿಕೊಂಡಿತು.

ಗರಿಗೆಡದ ಆ ತಲೆಯೇ ವ್ಯಾಧಿಯ ಮೂಲವನ್ನು ಸಾರಿ ಹೇಳುತ್ತಿತ್ತೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ, ಪಶುವೈದ್ಯರೊಬ್ಬರ ಬಾಯಿಂದ. ಹಕ್ಕಿಯ ಕೊಕ್ಕು ತನ್ನ ಮೈಯ ಯಾವ ಭಾಗವನ್ನಾದರೂ ಮುಟ್ಟಬಲ್ಲುದು, ತಲೆಯನ್ನು ಮಾತ್ರ ಮುಟ್ಟಲಾರದು. ಆದುದರಿಂದ ತಲೆಯ ಗರಿ ತುಂಬಿದ್ದು ಮೈ ಬೋಳಾಗಿದ್ದರೆ, ಆ ಕೆಲಸವನ್ನು ಹಕ್ಕಿಯೇ ಮಾಡಿಕೊಂಡಿದೆಯೆಂದು ತಿಳಿಯಬೇಕು. ತಲೆಯ ಗರಿಯೂ ಉದುರಿದ್ದರೆ, ಜೊತೆಗಿರುವ ಇನ್ನೊಂದು ಹಕ್ಕಿ ಕಿತ್ತಿರಬೇಕು, ಇಲ್ಲವೆ ಗರಿಯ ಬೇರನ್ನೇ ಹಾಳುಮಾಡುವ ವೈರಾಣುವಿನಂಥ ರೋಗವೊಂದು ಒಳಹೊಕ್ಕಿರಬೇಕು. ಇಷ್ಟು ಸರಳವಾದ ಪರೀಕ್ಷೆಗೆ ಬೇಕಾದುದು ಎರಡು ಕಣ್ಣು ಮಾತ್ರ. ನಮ್ಮ ಮನೆಯಲ್ಲಿ ಹತ್ತಾರು ಕಣ್ಣುಗಳಿದ್ದವು, ಎಲ್ಲವೂ ಆ ಗಿಣಿಯನ್ನು ಪ್ರೀತಿಸುತ್ತಿದ್ದವು. ಆದರೂ ಯಾರೊಬ್ಬರೂ ಇದನ್ನು ಕಾಣಲಿಲ್ಲ. ಕುಂದಾಪುರ, ಬ್ರಹ್ಮಾವರಗಳ ಹೊಸ ವಸತಿಗಳಲ್ಲಿ ಬಜ್ಜರಿಗರ್, ಕಾಕಟೀಲ್, ಲವ್‌ಬರ್ಡ್ ಎಂಬ ಪರದೇಶದ ಗಿಣಿಜಾತಿಗಳನ್ನು ಸಾಕುವ ಗೃಹಸ್ಥರು ನನ್ನೊಡನೆ ತೋಡಿಕೊಳ್ಳುವ ದೂರುಗಳನ್ನು, ಅಂದರೆ ಕಿರುಚುತ್ತದೆ, ಕಚ್ಚುತ್ತದೆ, ಗರಿ ಕೀಳುತ್ತದೆ, ಕೊಟ್ಟದ್ದನ್ನು ತಿನ್ನುವುದಿಲ್ಲ ಎಂಬ ನಾಲ್ಕು ಮಾತುಗಳನ್ನು ಕೇಳುವಾಗಲೆಲ್ಲ ನನಗೆ ಆ ತಲೆಯ ನೆನಪಾಗುತ್ತದೆ. ಗಿಣಿಯ ದುರ್ನಡತೆಯೆಂದು ನಾವು ಹೆಸರಿಟ್ಟ ಪ್ರತಿಯೊಂದಕ್ಕೂ ಕಾರಣವು ನಮ್ಮ ಮನೆಯೊಳಗೆ, ನಮ್ಮ ದಿನಚರಿಯೊಳಗೆ, ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿಯೇ ಇರುತ್ತದೆಂಬುದು ನನ್ನ ದೃಢವಾದ ನಂಬಿಕೆ.

ಮೊದಲು ಹೇಳಬೇಕಾದ ಒಂದು ಮಾತಿದೆ. ಅಜ್ಜಿಯ ಮನೆಯಲ್ಲಿದ್ದಂಥ ನಾಡಗಿಣಿಯನ್ನು ಇಂದು ಯಾರೂ ಪಂಜರದಲ್ಲಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೊರಳಬಳೆಯ ಗಿಣಿಯನ್ನೂ, ಕೆಂದಲೆಯ ಗಿಣಿಯನ್ನೂ, ಸಹ್ಯಾದ್ರಿಯಲ್ಲಿಯಲ್ಲದೆ ಜಗತ್ತಿನ ಬೇರೆಲ್ಲಿಯೂ ಕಾಣಸಿಗದ ನೀಲಿರೆಕ್ಕೆಯ ಗಿಣಿಯನ್ನೂ ರಕ್ಷಿತಜೀವಿಗಳೆಂದು ಸಾರಿದೆ. 2022ರ ತಿದ್ದುಪಡಿಯು ಕೊರಳಬಳೆಯ ಗಿಣಿಯನ್ನು ನಾಲ್ಕನೆಯ ಅನುಸೂಚಿಯಿಂದ ಎರಡನೆಯದಕ್ಕೆ ಏರಿಸಿ ರಕ್ಷಣೆಯನ್ನು ಇನ್ನಷ್ಟು ಬಿಗಿಮಾಡಿದೆ. ಆಫ್ರಿಕದ ಬೂದುಗಿಣಿ, ಮಕಾವ್ ಮೊದಲಾದ ದೊಡ್ಡ ವಿದೇಶೀ ಗಿಣಿಗಳನ್ನು ಸಾಕಿದವರು 2024ರ ನಿಯಮಗಳ ಮೇರೆಗೆ ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ಈ ಕಟ್ಟಳೆಗಳನ್ನು ಅಧಿಕಾರದ ಕಿರುಕುಳವೆಂದು ಬಗೆಯುವವರು ಬಾಣಭಟ್ಟನ ಕಾದಂಬರಿಯ ಶುಕನ ಆತ್ಮವೃತ್ತಾಂತವನ್ನು, ಸಂಸ್ಕೃತದಲ್ಲಾಗದಿದ್ದರೆ ನಾಗವರ್ಮನ ಕನ್ನಡದಲ್ಲಾದರೂ, ಒಮ್ಮೆ ಓದಿನೋಡಬೇಕು. ಮುದುಕನಾದ ಬೇಡನೊಬ್ಬನು ಬೂರುಗದ ಮರವನ್ನೇರಿ, ಪೊಟರೆಪೊಟರೆಗೂ ಕೈಯಿಕ್ಕಿ, ರೆಕ್ಕೆ ಬಲಿಯದ ಮರಿಗಳನ್ನು ಹೊರಗೆಳೆಯುವ ಆ ಸಂದರ್ಭವು ಏಳನೆಯ ಶತಮಾನದ್ದು. ಮರಿಗಳನ್ನು ಗೂಡಿನಿಂದ ಕದ್ದು ಮಾರುವ ಪದ್ಧತಿಯು ಇಂದಿಗೂ ಹೆಚ್ಚಿನಂಶ ಹಾಗೆಯೇ ಇದೆ.

ಇನ್ನು ಕಿರುಚಾಟದ ವಿಷಯ. ಕೋಟ, ಸಾಲಿಗ್ರಾಮ, ಬಾರ್ಕೂರುಗಳ ಗದ್ದೆಬಯಲಿನ ಅಂಚಿನಲ್ಲಿ ಮುಂಜಾನೆಯ ಹೊತ್ತು ನಿಂತವರಿಗೆ, ತೆಂಗಿನ ತಲೆಯಿಂದ ತಲೆಗೆ ಹಾರುವ ಗಿಣಿಯ ಹಿಂಡು ಒಂದು ನಿಮಿಷವೂ ಮೌನವಾಗಿರುವುದಿಲ್ಲವೆಂಬುದು ಗೊತ್ತಿದ್ದೇ ಇದೆ. ಎಲೆಯ ಬಣ್ಣವನ್ನೇ ಹೊದ್ದ ಹಕ್ಕಿಯು ಎಲೆಗಳ ನಡುವೆ ತನ್ನವರಿಗೇ ಕಾಣಿಸದಾಗುವುದರಿಂದ, ನಾನಿಲ್ಲಿದ್ದೇನೆ, ನೀವೆಲ್ಲಿದ್ದೀರಿ ಎಂದು ಕೂಗಿ ಕೇಳುವುದೂ, ಅದಕ್ಕೆ ಉತ್ತರ ಪಡೆಯುವುದೂ ಅದರ ಬದುಕಿನ ಮೊದಲ ಅಗತ್ಯವಾಗಿದೆ. ಪಂಜರದ ಗಿಣಿಗೆ ಮನೆಯವರೇ ಹಿಂಡು. ಮನೆಯ ಯಜಮಾನಿ ಅಡುಗೆಮನೆಗೆ ಹೋಗಿ ಕಣ್ಮರೆಯಾದೊಡನೆ ಅದು ಕೂಗುತ್ತದೆ, ಉತ್ತರ ಬಾರದಿದ್ದರೆ ಇನ್ನೂ ಗಟ್ಟಿಯಾಗಿ ಕೂಗುತ್ತದೆ, ಕಿವಿ ಕಿವುಡಾಗುವಂತೆ ಕಿರುಚಿದಾಗ ಒಳಗಿನಿಂದ "ಸುಮ್ನಿರ್ ಮಾರಾಯಾ!" ಎಂಬ ಗದರಿಕೆ ಬರುತ್ತದೆ. ಗದರಿಕೆಯೆಂದು ನಾವು ತಿಳಿದುದನ್ನು ಗಿಣಿಯು ಉತ್ತರವೆಂದೇ ಸ್ವೀಕರಿಸುತ್ತದೆ, ಮತ್ತು ಇಷ್ಟು ಗಟ್ಟಿಯಾಗಿ ಕೂಗಿದರಲ್ಲದೆ ಈ ಹಿಂಡು ಓಗೊಡುವುದಿಲ್ಲವೆಂಬ ಪಾಠವನ್ನು ಅಂದಿನಿಂದಲೇ ಕಲಿತುಕೊಳ್ಳುತ್ತದೆ. ಇದಕ್ಕೆ ಪರಿಹಾರವು ಕಷ್ಟದ್ದಲ್ಲ, ಆದರೆ ತಾಳ್ಮೆಯದು. ಹಕ್ಕಿಯು ಮೊದಲ ಸಲ ಮೆಲ್ಲಗೆ ಕೂಗಿದಾಗಲೇ ಇದ್ದಲ್ಲಿಂದ ಒಂದು ಸಿಳ್ಳು ಹಾಕಿ ಓಗೊಡಬೇಕು. ಕಿರುಚಿದಾಗ ಮಾತ್ರ ಅತ್ತ ತಿರುಗಿಯೂ ನೋಡದೆ, ಅದು ಸದ್ದಡಗಿಸಿ ಸೌಮ್ಯವಾದ ದನಿ ತೆಗೆದ ಕ್ಷಣದಲ್ಲಿ ಎದುರಿಗೆ ಬರಬೇಕು. ಅರ್ಧ ಗಂಟೆ ತಾಳಿಕೊಂಡು, ಕೊನೆಗೆ ಬೇಸತ್ತು ಓಡಿಬಂದರೆ, ಅರ್ಧ ಗಂಟೆ ಕಿರುಚಬೇಕೆಂಬ ಪಾಠವನ್ನೇ ಕಲಿಸಿದಂತಾಗುತ್ತದೆ. ಮನೆಯಲ್ಲಿ ಒಬ್ಬರು ಮೌನವಾಗಿದ್ದು ಇನ್ನೊಬ್ಬರು ಗದರಿದರೂ ಫಲ ಅದೇ. ಬೆಳಗ್ಗೆ ಸಂಜೆ ಹತ್ತಿಪ್ಪತ್ತು ನಿಮಿಷದ ಕೂಗು ಗಿಣಿಯ ಜಾತಿಧರ್ಮವೆಂದು ತಿಳಿದು ಸಹಿಸಿಕೊಳ್ಳಬೇಕು. ಅದನ್ನೂ ಸಹಿಸಲಾರದವರು ಗಿಣಿಯನ್ನು ಸಾಕದಿರುವುದೇ ಮೇಲು.

ನಿದ್ರೆಯ ಮಾತನ್ನೂ ಇಲ್ಲಿಯೇ ಸೇರಿಸುತ್ತೇನೆ. ಉಷ್ಣವಲಯದ ಈ ಹಕ್ಕಿಗೆ ಹತ್ತರಿಂದ ಹನ್ನೆರಡು ಗಂಟೆಯ ಕತ್ತಲೆ ಬೇಕು. ಚಾವಡಿಯ ಟೀವಿಯ ಪಕ್ಕದಲ್ಲಿ ರಾತ್ರಿ ಹನ್ನೊಂದರವರೆಗೂ ಬೆಳಕಿನಲ್ಲಿ ಕುಳಿತ ಗಿಣಿಯು ಮರುದಿನ ಸಿಡುಕುತ್ತದೆ. ಬೆಳಕಿನ ಅವಧಿ ದೀರ್ಘವಾದಂತೆ ಸಂತಾನಕಾಲ ಬಂದಿತೆಂದು ಅದರ ಶರೀರವು ಭ್ರಮಿಸುವುದರಿಂದ, ಕಚ್ಚುವುದೂ, ಕಾಲವಲ್ಲದ ಕಾಲದಲ್ಲಿ ಮೊಟ್ಟೆಯಿಡುವುದೂ ತೊಡಗುತ್ತವೆ. ಸಂಜೆ ಏಳಕ್ಕೆ ಪಂಜರವನ್ನು ಒಂದು ಒಳಕೋಣೆಗೆ ಸಾಗಿಸಿದ ಮಾತ್ರಕ್ಕೆ ಹಲವು ದೂರುಗಳು ತಾವಾಗಿಯೇ ಶಮನವಾದುದನ್ನು ನಾನು ಕಂಡಿದ್ದೇನೆ.

ಕಚ್ಚುವುದರ ಬಗೆಗೆ ಹೇಳುವಾಗ ಬ್ರಹ್ಮಾವರದಲ್ಲಿರುವ ನನ್ನ ತಂಗಿಯ ಮನೆಯನ್ನು ಹೇಳದೆ ವಿಧಿಯಿಲ್ಲ. ಕಳೆದ ಬೇಸಗೆಯಲ್ಲಿ ಅವರು ಒಂದು ಕಾಕಟೀಲನ್ನು ತಂದರು. ತಲೆಯ ಮೇಲೆ ಎದ್ದು ನಿಲ್ಲುವ ಜುಟ್ಟು, ಕೆನ್ನೆಯ ಮೇಲೆ ಕಿತ್ತಳೆಯ ಬೊಟ್ಟು, ಮೈ ಬೂದಿಯ ಬಣ್ಣ. ತಂಗಿಯ ಮಗಳು, ಹನ್ನೊಂದು ವರ್ಷದವಳು, ಬೆರಳಿಗೆ ಸುತ್ತಿದ ಬಟ್ಟೆಯನ್ನು ತೋರಿಸಿ, "ಮಾವ, ಇದಕ್ಕ್ ನನ್ನ ಕಂಡ್ರೆ ಆತಿಲ್ಲೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅವಳು ಕೈಯೊಡ್ಡುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆನು. ಬಾಗಿಲು ತೆರೆದು ಕೈಯನ್ನು ಮೇಲಿನಿಂದ, ಗಿಡುಗವು ಎರಗುವಂತೆ, ಒಳಗಿಳಿಸಿದಳು. ಹಕ್ಕಿಯ ಜುಟ್ಟು ತಲೆಗೆ ಅಂಟಿಕೊಂಡಿತು. ಮೈ ಸಪೂರವಾಗಿ ಬಿಗಿಯಿತು. ಅದು ಕೋಲಿನ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಿತು. ಬಾಯಿ ತೆರೆದು ಹಿಸ್ ಎಂದಿತು. ಇಷ್ಟೂ ಆದಮೇಲೆ, ಹಿಂದೆ ಸರಿಯಲು ಎಡೆಯಿಲ್ಲದೆ, ಕಚ್ಚಿತು. ನಾಲ್ಕು ಸಲ ಬೇಡವೆಂದು ಹೇಳಿ ಐದನೆಯ ಸಲ ಕಚ್ಚಿದ ಹಕ್ಕಿಯನ್ನು ದುಷ್ಟವೆನ್ನಲು ಯಾರಿಗೆ ಮನಸ್ಸು ಬಂದೀತು?

ಮಗುವಿಗೆ ಹೇಳಿದ್ದು ಇಷ್ಟೆ. ಒಂದು ವಾರ ಕೈಯನ್ನು ಪಂಜರದೊಳಗೆ ಹಾಕಲೇಕೂಡದು. ಹೊರಗೆ ಕುಳಿತು ಓದು, ಅದು ನಿನ್ನನ್ನು ನೋಡಲಿ. ಅನಂತರ ಅದಕ್ಕೆ ಬಹಳ ಇಷ್ಟವಾದ ನವಣೆಯ ತೆನೆಯನ್ನು ದಿನದ ಬಟ್ಟಲಿನಿಂದ ತೆಗೆದುಬಿಟ್ಟು, ನಿನ್ನ ಕೈಯಿಂದ ಮಾತ್ರ, ಕಂಬಿಯ ಸಂದಿನಿಂದ ಕೊಡು. ಜುಟ್ಟು ಅರ್ಧ ಇಳಿದು ಸಡಿಲವಾಗಿದ್ದರೆ ಮುಂದುವರಿ, ತಲೆಗೆ ಅಂಟಿದರೆ ಅಲ್ಲಿಗೇ ನಿಲ್ಲಿಸಿ ಕೈ ಹಿಂದೆ ತೆಗೆ. ತೆನೆಗಾಗಿ ಅದು ತಾನೇ ಮುಂದೆ ಬರತೊಡಗಿದ ಮೇಲೆ, ಬೆರಳನ್ನು ಕೆಳಗಿನಿಂದ, ಕಾಲಿನ ಮೇಲ್ಗಡೆ ಹೊಟ್ಟೆಗೆ ತಾಗುವಂತೆ, ಸ್ಥಿರವಾಗಿ ಒಡ್ಡು. ಅಲುಗುವ ಕೊಂಬೆಯ ಮೇಲೆ ಯಾವ ಹಕ್ಕಿಯೂ ಕಾಲಿಡುವುದಿಲ್ಲ. ದಿನಕ್ಕೆ ಎರಡು ಬಾರಿ, ಐದೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಕಚ್ಚಿದರೆ ಕೂಗಬೇಡ, ಹೊಡೆಯಬೇಡ, ಕೊಕ್ಕಿನ ಮೇಲೆ ತಟ್ಟಲೂ ಬೇಡ, ಸುಮ್ಮನೆ ಎದ್ದುಹೋಗು. ದೊಡ್ಡ ಗಿಣಿಗಳಲ್ಲಿ ಜುಟ್ಟಿನ ಬದಲು ಕಣ್ಣನ್ನು ನೋಡಬೇಕಾಗುತ್ತದೆ. ಅವುಗಳ ಕಣ್ಣಿನ ಪಾಪೆಯು ಒಮ್ಮೆ ಕಿರಿದಾಗಿ ಒಮ್ಮೆ ಹಿರಿದಾಗಿ ಮಿಡಿಯುತ್ತಿದ್ದು ಬಾಲವೂ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ, ಆ ಗಳಿಗೆಯಲ್ಲಿ ಬೆರಳು ದೂರವಿರುವುದೇ ಕ್ಷೇಮ.

ಗರಿ ಕೀಳುವ ಹಕ್ಕಿಯನ್ನು ಮೊದಲು ತಾಲೂಕಿನ ಪಶು ಆಸ್ಪತ್ರೆಗೆ ಕೊಂಡೊಯ್ಯಬೇಕು. ಹೇನು, ಹುಳು, ಚರ್ಮದ ಸೋಂಕು, ಯಕೃತ್ತಿನ ತೊಂದರೆ ಇವುಗಳಲ್ಲಿ ಯಾವುದೂ ಅಲ್ಲವೆಂದು ನಿಶ್ಚಯವಾದ ಮೇಲೆಯೇ ಬೇಸರದ ಮಾತನ್ನೆತ್ತಬೇಕು. ಕಾಡಿನ ಗಿಣಿಯು ಹಗಲಿನ ಬಹುಭಾಗವನ್ನು ಆಹಾರ ಹುಡುಕುವುದರಲ್ಲಿ, ಸಿಪ್ಪೆ ಸುಲಿಯುವುದರಲ್ಲಿ, ಕೊಂಬೆಯ ತೊಗಟೆ ಕೆರೆಯುವುದರಲ್ಲಿ ಕಳೆಯುತ್ತದೆ. ನಾವು ಬಟ್ಟಲು ತುಂಬ ಕಾಳು ಸುರಿದು, ಹತ್ತೇ ನಿಮಿಷದಲ್ಲಿ ಅದರ ದಿನದ ಕೆಲಸವನ್ನು ಮುಗಿಸಿಬಿಡುತ್ತೇವೆ. ಉಳಿದ ಹತ್ತು ಗಂಟೆ ಆ ಚುರುಕಾದ ಚಂಚುವಿಗೆ ತನ್ನ ಗರಿಯ ಹೊರತು ಬೇರೆ ಕೆಲಸವೆಲ್ಲಿಯದು? ಕಾಳನ್ನು ತೆಂಗಿನ ಗೆರಟೆಯಲ್ಲಿ ಹಾಕಿ ಮೇಲೆ ನಾರು ತುರುಕಿ ಕಟ್ಟಿದರೆ, ಬಾಳೆಯ ಒಣಗಿದ ರೆಬ್ಬೆಯಲ್ಲಿ ಸುತ್ತಿ ಗಂಟಿಕ್ಕಿದರೆ, ಚೆಂಡಿನಂತೆ ತೆಂಗಿನ ಗರಿಯಿಂದ ಹೆಣೆದು ಒಳಗೊಂದು ಹುರುಳಿಯ ಮೊಳಕೆಯಿಟ್ಟರೆ, ಪೇಟೆಯಿಂದ ತಂದ ಯಾವ ಆಟಿಕೆಯೂ ಅದಕ್ಕೆ ಸಮನಾಗಲಾರದು. ಪಂಜರದ ಕೋಲುಗಳೆಲ್ಲ ಒಂದೇ ಗಾತ್ರದ ನುಣ್ಣನೆಯ ದಬ್ಬೆಗಳಾದರೆ ಅಂಗಾಲು ಹುಣ್ಣಾಗುತ್ತದೆ. ಪೇರಳೆ, ಮಾವುಗಳ ಸಣ್ಣದೂ ದೊಡ್ಡದೂ ಆದ ಕೊಂಬೆಗಳನ್ನು ತೊಗಟೆ ಸಮೇತವಾಗಿಯೇ ಕಟ್ಟಬೇಕು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಎಷ್ಟೋ ಗಿಣಿಗಳು ಒಂದು ಹನಿಯನ್ನೂ ಮೈಮೇಲೆ ಕಾಣದೆ ಸಾಯುತ್ತವೆಂಬುದು ಶೋಚನೀಯ. ಬಿಸಿಲಿನ ಹಗಲು, ವಾರಕ್ಕೆ ಎರಡು ಮೂರು ಬಾರಿ, ಸಣ್ಣ ತುಂತುರನ್ನು ಮೇಲಿನಿಂದ ಬೀಳಿಸಿದರೆ ಅವು ರೆಕ್ಕೆ ಬಿಚ್ಚಿ ತಲೆಕೆಳಗಾಗಿ ಜೋತುಬಿದ್ದು ಮೀಯುತ್ತವೆ. ಎಣ್ಣೆಯನ್ನು ಮಾತ್ರ ಎಂದಿಗೂ ಸವರಕೂಡದು. ಎಣ್ಣೆ ಹಿಡಿದ ಗರಿ ಮೈಯ ಬಿಸಿಯನ್ನು ಕಾಪಾಡಲಾರದು, ಕೊಕ್ಕಿನಿಂದ ತೀಡಿಕೊಳ್ಳುವಾಗ ಅದೆಲ್ಲ ಹೊಟ್ಟೆಗೇ ಇಳಿಯುತ್ತದೆ. ಅಜ್ಜಿಯ ಮನೆಯ ಗಿಣಿಗೆ ನಾವು ಮಾಡಿದ್ದು ಅದನ್ನೇ.

ಆಹಾರದ ವಿಷಯದಲ್ಲಿ ಸೂರ್ಯಕಾಂತಿಯ ಬೀಜವೊಂದನ್ನೇ ಸುರಿಯುವುದು ಸಾರ್ವತ್ರಿಕವಾದ ತಪ್ಪು. ಅದರಲ್ಲಿ ಕೊಬ್ಬು ವಿಪರೀತ, ಎ ಜೀವಸತ್ವ ಇಲ್ಲವೆನ್ನುವಷ್ಟು ಕಡಿಮೆ. ಯಕೃತ್ತು ಕೊಬ್ಬೇರಿ, ಮೂಗು ಗಂಟಲುಗಳ ಒಳಪೊರೆ ದಪ್ಪಗಟ್ಟಿ, ಮೇಲಿಂದ ಮೇಲೆ ಸೋಂಕು ತಗಲುತ್ತದೆ. ನಮ್ಮ ನೆಲದ ವಸ್ತುಗಳು ಇದಕ್ಕೆ ಸಾಕುಬೇಕಾಗುವಷ್ಟಿವೆ: ನುಗ್ಗೆಸೊಪ್ಪು, ಹರಿವೆ, ಚೀನಿಕಾಯಿ, ಪಪ್ಪಾಯಿ, ಹಸಿಯದೋ ಹಣ್ಣಾದುದೋ ಮೆಣಸು. ಮೆಣಸಿನ ಖಾರವನ್ನು ಅರಿಯುವ ನರಗಳು ಹಕ್ಕಿಗಳಲ್ಲಿ ನಮ್ಮಂತೆ ಕೆಲಸ ಮಾಡುವುದಿಲ್ಲವಾದ್ದರಿಂದ ಗಿಣಿಯು ಅದನ್ನು ಬಾಳೆಹಣ್ಣಿನಂತೆ ಸುಖವಾಗಿ ಮೆಲ್ಲುತ್ತದೆ. ಬೇಲಿಯಲ್ಲಿ ಕೆಂಪಾದ ತೊಂಡೆಹಣ್ಣನ್ನು ಕೊಟ್ಟುನೋಡಿ. ಕವಿಗಳು ಸುಂದರಿಯರ ತುಟಿಗೆ ಹೋಲಿಸಿದ ಬಿಂಬಫಲವು ಅದೇ, ಗಿಣಿಗಂತೂ ಪ್ರಾಣ. ಸುಣ್ಣದಂಶಕ್ಕಾಗಿ ಅಂಗಡಿಯಲ್ಲಿ ಹಣ ತೆತ್ತು ತರುವ ಬಿಳಿಯ ಹಗುರ ಬಿಲ್ಲೆಯು ಬೊಂಡಾಸದ ಜಾತಿಯ ಕಡಲಜೀವಿಯ ಒಳಚಿಪ್ಪಲ್ಲದೆ ಮತ್ತೇನಲ್ಲ. ನಮ್ಮ ವೈದ್ಯರು ಸಮುದ್ರಫೇನವೆಂದು ಕರೆದದ್ದು ಅದನ್ನೇ. ಮರವಂತೆಯ ಮರಳಿನ ಮೇಲೆ ಅದು ಬಿದ್ದಿರುವುದುಂಟು; ಎರಡು ಮೂರು ದಿನ ಸಿಹಿನೀರು ಬದಲಿಸುತ್ತ ನೆನೆಹಾಕಿ, ಕುದಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ ಪಂಜರಕ್ಕೆ ಸಿಕ್ಕಿಸಬಹುದು. ಮೊಟ್ಟೆಯಿಡುವ ಹೆಣ್ಣಿಗೆ ಇದು ಅತ್ಯಾವಶ್ಯಕ.

ಬೀಜ ತಿಂದು ಬೆಳೆದ ಹಕ್ಕಿಯು ಸೊಪ್ಪನ್ನು ಆಹಾರವೆಂದೇ ಗುರುತಿಸದಿರುವುದುಂಟು. ಆಗ ಉಪವಾಸ ಕೆಡಹಬಾರದು, ಬೆಳಗಿನ ಹಸಿವಿನ ಹೊತ್ತಿಗೆ ಸೊಪ್ಪನ್ನು ಮೊದಲಿಟ್ಟು, ಎದುರಿಗೆ ಕುಳಿತು ನಾವೂ ಒಂದೆಲೆ ಮೆಲ್ಲುತ್ತ, ವಾರಗಟ್ಟಲೆ ಕಾಯಬೇಕು. ಹಿಂಡು ತಿಂದುದನ್ನು ತಿನ್ನುವುದು ಅದರ ಸ್ವಭಾವ.

ನೆಲಗಡಲೆಯ ಬಗೆಗೆ ವಿಶೇಷವಾಗಿ ಎಚ್ಚರಿಸಬೇಕಾಗಿದೆ. ನಮ್ಮ ಕಡೆಯ ಮರಳುಗದ್ದೆಗಳಲ್ಲಿ ಬೆಳೆವ ಕಡಲೆಯು ಬೇಸಗೆಯಲ್ಲಿ ಮನೆ ಸೇರಿ, ಮಳೆಗಾಲದ ತೇವದಲ್ಲಿ ಅಟ್ಟದ ಮೇಲೆ ಕುಳಿತಿರುತ್ತದೆ. ಅದರ ಮೇಲೆ ಏಳುವ ಹಸಿರುಹಳದಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಹುಟ್ಟಿಸುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ನಾಶವಾಗುವುದಿಲ್ಲ, ಅಂಗೈಯಗಲದ ಹಕ್ಕಿಯ ಯಕೃತ್ತಿಗೆ ಅದು ಮೃತ್ಯು. ಮನುಷ್ಯರಿಗೆ ಆಗದೆಂದು ಆರಿಸಿ ಎಸೆದ ಕಡಲೆಯನ್ನು ಗಿಣಿಗೆ ಹಾಕುವ ರೂಢಿ ನಮ್ಮಲ್ಲಿದೆ. ಅಜ್ಜಿಯ ಮನೆಯಲ್ಲಿಯೂ ಇತ್ತು. ಆಸಾಡಿಯಲ್ಲೇ ಆ ಗಿಣಿಗೆ ಕೆಟ್ಟಕಾಲ ತೊಡಗಿದ್ದೇಕೆಂದು ಇಂದು ಯೋಚಿಸುವಾಗ ನನ್ನ ಮನಸ್ಸು ಆ ಅಟ್ಟದ ಗೋಣಿಯ ಕಡೆಗೇ ಹೋಗುತ್ತದೆ.

ಬೆಣ್ಣೆಹಣ್ಣು, ಚಾಕಲೇಟು, ಕಾಫಿ ಚಹಗಳು ಸರ್ವಥಾ ನಿಷಿದ್ಧ. ಅದಕ್ಕಿಂತ ಬಲವಾದ ಅಪಾಯವು ಅಡುಗೆಮನೆಯ ನಾನ್‌ಸ್ಟಿಕ್ ಬಾಣಲೆಯಲ್ಲಿದೆ. ಒಲೆಯ ಮೇಲೆ ಮರೆತು ಅತಿಯಾಗಿ ಕಾದ ಆ ಲೇಪದಿಂದ ಏಳುವ ಅನಿಲಕ್ಕೆ ವಾಸನೆಯೂ ಅಷ್ಟಾಗಿ ಇಲ್ಲ; ನಮಗೆ ಏನೂ ಅನ್ನಿಸದಿರುವಾಗಲೇ ಪಕ್ಕದ ಕೋಣೆಯ ಹಕ್ಕಿ ಕೆಲವು ನಿಮಿಷಗಳಲ್ಲಿ ಕೆಳಗುರುಳುತ್ತದೆ, ಏಕೆಂದರೆ ಶ್ವಾಸಕೋಶದ ಹಿಂದುಮುಂದೆ ಗಾಳಿಚೀಲಗಳನ್ನು ಹೊಂದಿರುವ ಹಕ್ಕಿಯು ಒಳಗೆಳೆದ ಗಾಳಿಯಿಂದ ಪ್ರಾಣವಾಯುವನ್ನು ಹೀರುವಷ್ಟೇ ಚೆನ್ನಾಗಿ ವಿಷವನ್ನೂ ಹೀರುತ್ತದೆ. ಸೊಳ್ಳೆಬತ್ತಿಯ ಹೊಗೆಯೂ ಅದಕ್ಕೆ ಸಲ್ಲದು. ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲವೆಂದು ಗಂಗೊಳ್ಳಿ, ಮರವಂತೆಗಳ ಕಡೆ ಸತುವು ಬಳಿದ ಜಾಲರಿಯಿಂದ ಪಂಜರ ಮಾಡಿಸುವವರುಂಟು. ಗಿಣಿಯು ಕಂಬಿಯನ್ನು ಕೊಕ್ಕಿನಿಂದ ಹಿಡಿದೇ ಏರುವ ಪ್ರಾಣಿಯಾದ್ದರಿಂದ ಆ ಸತುವು ಕ್ರಮೇಣ ಹೊಟ್ಟೆ ಸೇರಿ ನಂಜಾಗುತ್ತದೆ. ದುಬಾರಿಯಾದರೂ ಸ್ಟೀಲಿನದೇ ಆಗಬೇಕು; ಗುಂಡಗೆ ಎತ್ತರವಾಗಿರದೆ, ರೆಕ್ಕೆ ಬಿಚ್ಚಿ ಅತ್ತಿಂದಿತ್ತ ಹಾರುವಷ್ಟು ಉದ್ದವಾಗಿರಬೇಕು. ಹೊರಗೆ ಬಿಡುವಾಗ ಫ್ಯಾನು ನಿಂತಿರಲಿ.

ಹಕ್ಕಿಯು ತನ್ನ ರೋಗವನ್ನು ಮರೆಮಾಡುತ್ತದೆ. ಹಿಂಡಿನಲ್ಲಿ ಬಳಲಿದುದೇ ಗಿಡುಗದ ಕಣ್ಣಿಗೆ ಮೊದಲು ಬೀಳುವುದು. ಆದುದರಿಂದ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಅದನ್ನು ತೂಗಿ ಬರೆದಿಡುವುದು ಉತ್ತಮ. ಬಜ್ಜರಿಗರ್ ಮೂವತ್ತು ನಾಲ್ವತ್ತು ಗ್ರಾಮಿನ ಜೀವ. ಮೂರು ನಾಲ್ಕು ಗ್ರಾಂ ಕಡಿಮೆಯಾದರೆ ಅದು ಹತ್ತರಲ್ಲೊಂದು ಭಾಗ, ಕಾಯುವಂತಿಲ್ಲ. ಗರಿ ಉಬ್ಬಿಸಿ ಹಗಲಲ್ಲಿ ತೂಕಡಿಸುವುದು, ಉಸಿರಿನೊಡನೆ ಬಾಲ ಮೇಲೆಕೆಳಗೆ ಆಡುವುದು, ಹಿಕ್ಕೆಯ ಬಿಳಿಯ ಭಾಗ ಹಳದಿಯೋ ಹಸುರೋ ಆಗುವುದು, ಇವು ಅಂದೇ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು. ಮನೆಯವರಿಗೂ ಜ್ವರ, ಒಣಕೆಮ್ಮು ಬಂದರೆ ಮನೆಯಲ್ಲಿ ಗಿಣಿಯಿದೆಯೆಂಬುದನ್ನು ಡಾಕ್ಟರಿಗೆ ಹೇಳಲೇಬೇಕು. 1929-30ರಲ್ಲಿ ಹಲವು ದೇಶಗಳಿಗೆ ಹಬ್ಬಿದ ಗಿಣಿಜ್ವರವು ಹಿಕ್ಕೆಯ ಧೂಳಿನಿಂದಲೇ ಹರಡುವಂಥದು, ಈಗ ಅದಕ್ಕೆ ಸುಲಭವಾದ ಔಷಧವಿದೆ.

ನಾಡಗಿಣಿಯನ್ನು ಈಗಾಗಲೇ ಸಾಕಿಕೊಂಡಿರುವವರು ಈ ಬರಹವನ್ನೋದಿ ಭಯದಿಂದಲೋ ಕರುಣೆಯಿಂದಲೋ ಪಂಜರದ ಬಾಗಿಲನ್ನು ತೆರೆದುಬಿಡಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮನುಷ್ಯರ ಕೈಯಲ್ಲಿ ಬೆಳೆದ ಗಿಣಿಗೆ ಕಾಡಿನ ಹಣ್ಣಿನ ಪರಿಚಯವಿಲ್ಲ, ಬೆಕ್ಕು ಗಿಡುಗಗಳ ಭಯವಿಲ್ಲ, ದೂರ ಹಾರಲು ರೆಕ್ಕೆಯಲ್ಲಿ ಬಲವಿಲ್ಲ. ಅದು ಸಂಜೆಯೊಳಗೆ ಯಾವುದಾದರೂ ಅಂಗಳಕ್ಕಿಳಿದು ಬನಿ ಕೂಕಣಿ ಎನ್ನುತ್ತ ಕಾಗೆಗಳ ಬಾಯಿಗೆ ಬೀಳುತ್ತದೆ. ಕುಂದಾಪುರ ಅರಣ್ಯ ವಿಭಾಗದ ಕಚೇರಿಗೆ ತಿಳಿಸಿ ಒಪ್ಪಿಸುವುದೇ ಸರಿಯಾದ ಮಾರ್ಗ. ಹಾರುವ ಬಲ ಮರಳಿ ಬರುವವರೆಗೆ ಅದನ್ನು ದೊಡ್ಡ ಆವರಣದಲ್ಲಿ ತನ್ನ ಜಾತಿಯವುಗಳೊಡನೆ ಇರಿಸಬೇಕಾಗುತ್ತದೆ.

ಬ್ರಹ್ಮಾವರದ ಹುಡುಗಿ ಮೊನ್ನೆ ಫೋನು ಮಾಡಿದ್ದಳು. ಇಪ್ಪತ್ತಮೂರನೆಯ ದಿನ ಕಾಕಟೀಲು ಅವಳ ಬೆರಳಿನ ಮೇಲೆ ಒಂದು ಕಾಲಿಟ್ಟಿತಂತೆ; ಇನ್ನೊಂದು ಕಾಲನ್ನು ಕೋಲಿನ ಮೇಲೆಯೇ ಇಟ್ಟುಕೊಂಡು, ಜುಟ್ಟನ್ನು ಅರ್ಧ ಇಳಿಸಿ, ನವಣೆಯ ತೆನೆಯನ್ನು ಪೂರ್ತಿ ತಿಂದು ಮುಗಿಸಿ ಹಿಂದೆ ಸರಿಯಿತಂತೆ. "ಎರಡ್ನೇ ಕಾಲ್ ಯಾವಾಗ ಇಡತ್ತ್ ಮಾವ?" ಎಂದು ಕೇಳಿದಳು. ಹಿಂದಿನಿಂದ ಹಕ್ಕಿ ಒಮ್ಮೆ ಮೆಲ್ಲಗೆ ಕೂಗಿದ್ದು ನನಗೂ ಕೇಳಿಸಿತು. ಅವಳು ಫೋನನ್ನು ಬಾಯಿಂದ ದೂರ ಹಿಡಿದು ಸಿಳ್ಳು ಹಾಕಿದಳು.